ಎದ್ದರೆ ಸಾಕು ಎಂದವರು

ಶ್ರದ್ಧಾಂಜಲಿ ಸಭೆಯಲ್ಲಿ ಆಡಿದ ಮಾತನ್ನು ನಾನು ನಂಬುವುದಿಲ್ಲ. ಸತ್ತವರು ಎದ್ದು ಬಂದು ‘ಹಾಗಲ್ಲ’ ಎನ್ನಲಾರರೆಂಬ ಒಂದೇ ಧೈರ್ಯದ ಮೇಲೆ ಅಲ್ಲಿ ಮಾತು ನಡೆಯುತ್ತದೆ. ಕಳೆದ ತಿಂಗಳು ನಮ್ಮೂರ ಪ್ರೌಢಶಾಲೆಯಲ್ಲಿ ಅಂಥದೊಂದು ಸಭೆಯಾಯಿತು. ಇಲ್ಲಿ ಬಹುಕಾಲ ಗಣಿತ ಕಲಿಸಿ, ನಿವೃತ್ತರಾಗಿ, ಸಿದ್ದಾಪುರದ ಕಡೆಯ ತಮ್ಮ ಊರಿಗೆ ಹಿಂದಿರುಗಿದ್ದ ಮಾಸ್ತರರೊಬ್ಬರು ತೀರಿಕೊಂಡಿದ್ದರು. ಪಟಕ್ಕೆ ಸೇವಂತಿಗೆಯ ಹಾರ ಹಾಕಿದ್ದರು. ಮಾತನಾಡಿದವರೆಲ್ಲ ಒಂದೇ ಸಂಗತಿಯನ್ನು ಬೇರೆ ಬೇರೆ ರಾಗದಲ್ಲಿ ಹೇಳಿದರು: ಮಲಗಿದ್ದ ಊರನ್ನು ಎಬ್ಬಿಸಿದವರು ಅವರು, ಮಿಸ್ಡ್ ಕಾಲ್ ಪದ್ಧತಿಯನ್ನು ಕಂಡುಹಿಡಿದವರು ಅವರು, ಪ್ರಾಣ ಹೋದ ದಿನದ ನಸುಕಿನಲ್ಲಿಯೂ ದಿಂಬಿನ ಪಕ್ಕ ಫೋನು ಇಟ್ಟುಕೊಂಡು ಮಕ್ಕಳ ಕರೆಗೆ ಕಾಯುತ್ತಿದ್ದರು.

ಮೂರೂ ಸುಳ್ಳು. ಹೇಳಿದವರು ಸುಳ್ಳರೆಂದು ನಾನು ಹೇಳುತ್ತಿಲ್ಲ. ಅವರು ಕೇಳಿದ್ದನ್ನು ಹೇಳಿದರು. ಕೇಳಿದ್ದನ್ನು ಹೇಳುವುದು ಸುಳ್ಳು ಹೇಳುವುದಕ್ಕಿಂತ ಸುಲಭ, ಹೆಚ್ಚು ದೂರ ಹೋಗುವಂಥದ್ದು ಕೂಡ.

ಮಾಸ್ತರರ ಹೆಸರನ್ನು ನಾನು ಬರೆಯುವುದಿಲ್ಲ. ಅದನ್ನೀಗ ಒಂದು ಯೋಜನೆಗೆ ಅಂಟಿಸಿದ್ದಾರೆ. ಆ ಹೆಸರು ಹೇಳಿದರೆ ಯೋಜನೆ ನೆನಪಾಗುತ್ತದೆ, ಮನುಷ್ಯ ನೆನಪಾಗುವುದಿಲ್ಲ.

ಕಿರವತ್ತಿಯಿಂದ ಈಚೆಗೆ, ಹೆದ್ದಾರಿಯಿಂದ ಸ್ವಲ್ಪ ಒಳಗೆ ನಮ್ಮೂರು. ಅಲ್ಲಿ ನನ್ನದು ಹಿಟ್ಟಿನ ಗಿರಣಿ. ಗಿರಣಿಗೆ ಹೊಂದಿಕೊಂಡ ಮನೆಯಲ್ಲಿ ಮಾಸ್ತರರು ಬಾಡಿಗೆಗಿದ್ದರು. ಹೆಂಡತಿ ಅತ್ತೆಯನ್ನು ನೋಡಿಕೊಳ್ಳುತ್ತ ಊರಿನಲ್ಲಿಯೇ ಉಳಿದದ್ದರಿಂದ ಇವರು ಇಲ್ಲಿ ಒಂಟಿ. ನಮ್ಮ ಎರಡು ಮನೆಗೂ ಗೋಡೆ ಒಂದೇ. ನಾನು ಏಳನೆಯ ಇಯತ್ತೆಯಲ್ಲಿ ಶಾಲೆ ಬಿಟ್ಟವನು. ಮುಂದೆ ಓದಿದ್ದೆಲ್ಲ ಗಿರಣಿಯ ಬೆಲ್ಟಿನ ಪಕ್ಕದ ಸ್ಟೂಲಿನ ಮೇಲೆ, ಕಾಳು ಇಳಿದು ಮುಗಿಯುವವರೆಗಿನ ಬಿಡುವಿನಲ್ಲಿ. ಹೀಗೆ ಓದಿದವನಿಗೆ ಒಂದು ಕೆಟ್ಟ ಗುಣ ಅಂಟಿಕೊಳ್ಳುತ್ತದೆ: ಯಾರೋ ಹೇಳಿದರೆಂದು ಯಾವುದನ್ನೂ ಒಪ್ಪುವುದಿಲ್ಲ. ಮಾಸ್ತರರಿಗೂ ನನಗೂ ಸ್ನೇಹವಾದದ್ದು ಈ ಗುಣದಿಂದಲೇ. ಅವರಿಗೆ ವಾದಿಸಲು ಒಬ್ಬರು ಬೇಕಿತ್ತು.

ಸಂಜೆ ಶಾಲೆ ಬಿಟ್ಟು ಬರುವಾಗ ಅವರ ಎಡತೋಳು ಸುಣ್ಣದ ಕಡ್ಡಿಯ ಪುಡಿಯಿಂದ ಬೆಳ್ಳಗಾಗಿರುತ್ತಿತ್ತು. ನಾನಂತೂ ಹುಬ್ಬಿನವರೆಗೆ ಹಿಟ್ಟು.

“ಸಾವ್ಕಾರ್ರೆ, ಇಬ್ರದ್ದೂ ಒಂದೇ ಕಸುಬು ನೋಡಿ,” ಎನ್ನುವರು. ನಾನು ಸಾವುಕಾರನಲ್ಲ, ಕೀಟಲೆಗೆ ಹಾಗೆ ಕರೆಯುತ್ತಿದ್ದರು. “ನೀವು ಜೋಳ ಬೀಸ್ತೀರಿ, ನಾನು ಹುಡುಗ್ರ ತಲೆ ಬೀಸ್ತೇನೆ.”

“ನಾ ಬೀಸಿದ್ದು ರೊಟ್ಟಿ ಆಗ್ತೈತ್ರಿ ಮಾಸ್ತರ. ನೀವು ಬೀಸಿದ್ದು ಏನಾಗ್ತೈತಿ?”

“ಎಸ್ಸೆಲ್ಸಿ ಆಗ್ತದೆ ಮಾರಾಯ್ರೆ. ಆದ್ರೆ!”

ಆ ‘ಆದ್ರೆ’ಯನ್ನು ಅವರು ನಗುತ್ತ ಹೇಳುತ್ತಿದ್ದ ಕಾಲವೊಂದಿತ್ತು.

ಅವರ ತರಗತಿಯ ಒಂದು ಪದ್ಧತಿಯನ್ನು ಸಭೆಯಲ್ಲಿ ಯಾರೂ ನೆನೆಯಲಿಲ್ಲ. ನಾನು ಅದನ್ನು ಕಣ್ಣಾರೆ ಕಂಡಿದ್ದೇನೆ. ತೂಕದ ಲೆಕ್ಕ ಕಲಿಸಲು ನನ್ನ ಗಿರಣಿಯ ತಕ್ಕಡಿ, ಕಲ್ಲುಗಳನ್ನು ಒಮ್ಮೆ ಒಯ್ದಿದ್ದರು. ಹಿಂದಕ್ಕೆ ತರಲೆಂದು ನಾನು ಹೋಗಿ ಬಾಗಿಲಲ್ಲಿ ನಿಂತಿದ್ದೆ. ಯಾರಾದರೂ ಸರಿಯಾದ ಉತ್ತರ ಹೇಳಿದರೆ ಅವರು ಶಹಬ್ಬಾಸ್ ಎನ್ನುತ್ತಿರಲಿಲ್ಲ. ಸುಣ್ಣದ ಕಡ್ಡಿಯನ್ನು ಆ ಮಗುವಿನ ಕೈಗಿತ್ತು, ತಾವು ಆ ಮಗುವಿನ ಜಾಗದಲ್ಲಿ ಬೆಂಚಿನ ಮೇಲೆ ಕುಳಿತುಬಿಡುವರು. “ಹಾಂ, ಈಗ ನಂಗೆ ಹೇಳಿಕೊಡು. ನಂಗೆ ತಿಳೀಲಿಲ್ಲ,” ಎನ್ನುವರು. ಮಗು ಹೇಳಿಕೊಡುವಾಗ ಬೇಕೆಂದೇ ದಡ್ಡ ಪ್ರಶ್ನೆ ಕೇಳುವರು. ಆ ದಿನ ಕಡ್ಡಿ ಹಿಡಿದಿದ್ದವಳು ಒಂಬತ್ತನೆಯ ತರಗತಿಯ ಹುಡುಗಿ. ಕಾಡಿನೊಳಗಿನ ಒಂದು ಕೇರಿಯಿಂದ ನಡೆದು, ಆಮೇಲೆ ಬಸ್ಸು ಹಿಡಿದು ಶಾಲೆಗೆ ಬರುತ್ತಿದ್ದವಳು. ತಂದೆ ಅರಣ್ಯದ ಸಸಿ ಬೆಳೆಸುವಲ್ಲಿ ಕೂಲಿ. “ಇಲ್ಲಿ ಯಾಕೆ ಭಾಗಿಸ್ಬೇಕು? ಗುಣಿಸಿದ್ರೆ ಎಂತಾಗ್ತದೆ?” ಎಂದು ಮಾಸ್ತರರು ಬೆಂಚಿನಿಂದ ಕಾಡಿದರು. ಅವಳು ಸೊಂಟದ ಮೇಲೆ ಕೈಯಿಟ್ಟು, “ಗುಣಿಸಿದ್ರ ಚೀಲಾ ಹರೀತೈತ್ರಿ ಸರ್, ಅಷ್ಟ ಅಕ್ಕಿ ಅದರಾಗ ಹಿಡ್ಸೂದಿಲ್ಲ,” ಎಂದಳು. ಇಡೀ ತರಗತಿ ನಕ್ಕಿತು. ಮಾಸ್ತರರು ಎಲ್ಲರಿಗಿಂತ ಜೋರಾಗಿ ನಕ್ಕರು. ಈ ಹುಡುಗಿಯನ್ನು ಓದುಗರು ನೆನಪಿಡಬೇಕು. ಸಭೆಯಲ್ಲಿ ಅವಳ ಹೆಸರನ್ನು ಯಾರೂ ಎತ್ತಲಿಲ್ಲ.

ಅದೇ ವರ್ಷ ಹತ್ತನೆಯ ತರಗತಿಯ ಫಲಿತಾಂಶ ಕೆಟ್ಟಿತು. ಮೇಲಿನವರು ಮಾಸ್ತರರನ್ನೆಲ್ಲ ಸಭೆಗೆ ಕರೆದು, ಫಲಿತಾಂಶ ಬಿದ್ದ ಶಾಲೆಗಳವರನ್ನು ಎಲ್ಲರೆದುರು ಎಬ್ಬಿಸಿ ನಿಲ್ಲಿಸಿದರಂತೆ. ನಿಂತವರಲ್ಲಿ ಇವರೂ ಒಬ್ಬರು. ಅಂದು ಅವರು ನೇರ ಗಿರಣಿಯ ಕಟ್ಟೆಗೆ ಬಂದು ಕುಳಿತರು. ಹೆಂಡತಿಯಿಂದ ಫೋನು ಬಂದರೆ ತಮ್ಮ ಮನೆಮಾತಿನಲ್ಲಿ “ಎಂತೂ ಇಲ್ಲೆ, ಎಂತೂ ಇಲ್ಲೆ” ಎಂದಷ್ಟೇ ಹೇಳಿ ಇಟ್ಟುಬಿಟ್ಟರು.

ಆ ಸಭೆಯಲ್ಲಿಯೇ ಬೇರೊಂದು ಕಡೆಯ ಮಾಸ್ತರರೊಬ್ಬರು ಮಿಸ್ಡ್ ಕಾಲಿನ ಉಪಾಯ ಹೇಳಿದ್ದರಂತೆ. ಇವರು ಅದನ್ನು ಹೊತ್ತು ತಂದರು, ಅಷ್ಟೆ. ಹಾಗಾಗಿ ‘ಕಂಡುಹಿಡಿದವರು’ ಎಂಬುದು ಸುಳ್ಳು. ಹೆದರಿದ ಮನುಷ್ಯ ಏನನ್ನೂ ಕಂಡುಹಿಡಿಯುವುದಿಲ್ಲ. ಕೈಗೆ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತಾನೆ.

ಉಪಾಯ ಸರಳ. ಹತ್ತನೆಯ ತರಗತಿಯ ಪ್ರತಿ ಮಗುವೂ ನಸುಕಿನಲ್ಲಿ ಐದು ಗಂಟೆಯೊಳಗೆ ಎದ್ದು, ಮನೆಯ ಫೋನಿನಿಂದ ಮಾಸ್ತರರಿಗೊಂದು ಮಿಸ್ಡ್ ಕಾಲ್ ಕೊಡಬೇಕು. ಎದ್ದಿದ್ದೇನೆ, ಓದಲು ಕುಳಿತಿದ್ದೇನೆ ಎಂದರ್ಥ. ಕೊಡದವರು ಮರುದಿನ ಮನೆಗೆಲಸವನ್ನು ಎರಡು ಪಟ್ಟು ಬರೆಯಬೇಕು. ನನಗೆ ಗೋಡೆಯಾಚೆಯಿಂದ ಎಲ್ಲವೂ ಕೇಳಿಸುತ್ತಿತ್ತು. ಫೋನು ಅರ್ಧ ಮೊಳಗಿ ನಿಲ್ಲುವುದು, ಮತ್ತೆ ಅರ್ಧ ಮೊಳಗಿ ನಿಲ್ಲುವುದು; ಪ್ರತಿ ಸಲವೂ ಮಾಸ್ತರರು ಮಗುವಿನ ಹೆಸರನ್ನು ಗಟ್ಟಿಯಾಗಿ ಹೇಳುವರು. ಅಪ್ಪಿತಪ್ಪಿ ಎತ್ತಿಬಿಟ್ಟರೆ ಬಡವರ ದುಡ್ಡು ಹೋಗುತ್ತದೆಂದು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಫೋನಿನ ಮುಂದೆ ನಿಲ್ಲುತ್ತಿದ್ದರು. ಅವರ ಒಳ್ಳೆಯತನ ಇಂಥ ಕಡೆಗಳಲ್ಲಿರುತ್ತಿತ್ತು. ಇರಬೇಕಾದ ಕಡೆಯಲ್ಲಿ ಆ ವರ್ಷ ಇರಲಿಲ್ಲ.

“ಎದ್ದರೆ ಸಾಕು ಸಾವ್ಕಾರ್ರೆ,” ಎಂದು ಅವರು ಒಂದು ಮಾತನ್ನು ಹಿಡಿದುಕೊಂಡರು. “ಉಳಿದದ್ದು ಪುಸ್ತಕ ನೋಡಿಕೊಳ್ತದೆ.” ಇದನ್ನು ತರಗತಿಯ ಹಲಗೆಯ ಮೂಲೆಯಲ್ಲಿ ಬರೆದು, ಅಳಿಸಬಾರದೆಂದು ಸುತ್ತ ಗೆರೆ ಎಳೆದಿದ್ದರು.

ನಾನು ಒಪ್ಪಲಿಲ್ಲ. “ಮಾಸ್ತರ, ಓದೂದು ಹೊರಗ ಕಾಣೂ ಕೆಲಸ ಅಲ್ಲ. ನಿಮಗ ಕಾಣೂದು ಏನು? ದೀಪ ಹಚ್ಚಿದ್ದು, ಫೋನು ಬಾರಿಸಿದ್ದು. ಕೂಸು ಓದಿದ್ದು ಎಲ್ಲಿ ಕಂಡ್ರಿ?”

“ಕೂತವನಿಗೆ ಬಂದೇ ಬರ್ತದೆ.”

“ಹಂಗಾದ್ರ ನನ್ನ ಸ್ಟೂಲಿಗೂ ವಿದ್ಯೆ ಬಂದಿರಬೇಕ್ರಿ. ಅದು ನನಗಿಂತ ಮೊದಲಿನಿಂದ ಕುಂತೈತಿ.”

ಗಿರಣಿಗೆ ಬರುವ ತಾಯಂದಿರ ಬಾಯಿಂದ ನನಗೆ ನಿಜ ತಿಳಿಯುತ್ತಿತ್ತು. ಒಬ್ಬಾಕೆ ಜೋಳದ ಬುಟ್ಟಿ ಇಳಿಸುತ್ತ ಹೇಳಿದಳು: “ಪಾಪ, ಕೂಸು ಮಲಕ್ಕೊಳ್ಳಲಿ ಅಂತ ನಾನ ಒಂದ್ ಮಿಸ್ ಕಾಲ್ ಒತ್ತಿ ರೊಟ್ಟಿ ಬಡ್ಯಾಕ ಕುಂದರ್ತೀನ್ರಿ. ಮಾಸ್ತರಗ ಹೇಳೀರಿ ಮತ್ತ!” ಪಕ್ಕದವಳು, “ನಮ್ಮನ್ಯಾಗ ಅವರಪ್ಪ ಒತ್ತತಾನ. ಹತ್ತನೇತ್ತಾ ಪಾಸಾಗೂದು ಅವನ ಅಂತ ಕಾಣ್ತೈತಿ,” ಎಂದಳು. ನಾನಿದನ್ನು ಮಾಸ್ತರರಿಗೆ ಹೇಳಿದೆ. ಅವರು ನಕ್ಕರು: “ತಾಯಿ ಎದ್ದರೂ ಅರ್ಧ ಪಾಠ ಆದ ಹಾಗೆ, ಬಿಡಿ.” ನಂಬಲಿಲ್ಲ. ನಂಬಿದ್ದರೆ ಆ ನಸುಕಿನ ಫೋನಿನ ಸದ್ದು ಅವರಿಗೆ ಕೊಡುತ್ತಿದ್ದ ಧೈರ್ಯ ಹೋಗಿಬಿಡುತ್ತಿತ್ತು.

ಎಲ್ಲರಿಗಿಂತ ಮೊದಲು ಬರುತ್ತಿದ್ದದ್ದು ಆ ಕಾಡಿನೊಳಗಿನ ಹುಡುಗಿಯ ಕರೆ. ಅವಳೀಗ ಹತ್ತನೆಯ ತರಗತಿ. ಮಾಸ್ತರರು ಗೋಡೆಯಾಚೆ ಅವಳ ಹೆಸರು ಹೇಳಿದರೆಂದರೆ ನನಗೂ ಬೆಳಗಾಯಿತೆಂದು ಲೆಕ್ಕ. ತರಗತಿಯಲ್ಲಿ ಅವಳನ್ನು ಎಬ್ಬಿಸಿ ನಿಲ್ಲಿಸಿ, “ನೋಡ್ರೋ, ಕಾಡಿನೊಳಗಿನ ಮನೆ. ಎಲ್ಲರಿಗಿಂತ ಮುಂಚೆ ಏಳ್ತಾಳೆ. ನಿಮಗೆ ನಾಚಿಕೆ ಆಗೂದಿಲ್ವ?” ಎಂದು ಉಳಿದವರನ್ನು ಚುಚ್ಚುತ್ತಿದ್ದರಂತೆ. ಆದರೆ ಅವಳ ಅಂಕಗಳು ಇಳಿಯುತ್ತ ಬಂದವು. ಮಧ್ಯಾಹ್ನ ಬೆಂಚಿಗೆ ತಲೆ ತಾಗಿಸಿ ನಿದ್ದೆ ಹೋಗತೊಡಗಿದಳು. ಇಷ್ಟು ಬೇಗ ಏಳುವವಳು ಹಿಂದೆ ಬೀಳುತ್ತಿರುವುದಕ್ಕೆ ಮಾಸ್ತರರಿಗೆ ಹೊಳೆದ ಕಾರಣ ಒಂದೇ: ಓದಿದ್ದು ಸಾಲುತ್ತಿಲ್ಲ. ಅವಳೊಬ್ಬಳಿಗೇ ಹೆಚ್ಚಿನ ಮನೆಗೆಲಸ ಕೊಡತೊಡಗಿದರು. ಶಿಕ್ಷೆಯಾಗಿ ಅಲ್ಲ, ಅಕ್ಕರೆಯಿಂದ. ಪರೀಕ್ಷೆಗೆ ಮೊದಲು ನಡೆಯುವ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅವಳು ಗಣಿತದಲ್ಲಿ ನಪಾಸಾದಳು.

ಅದಾದ ಕೆಲವು ದಿನಗಳ ನಂತರ ಅವಳ ತಂದೆ ಅಕ್ಕಿ ಬೀಸಿಸಲು ಗಿರಣಿಗೆ ಬಂದ. ಹಿಟ್ಟು ಕಟ್ಟಿಕೊಂಡ ಮೇಲೂ ಹೋಗಲಿಲ್ಲ. ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ನಿಂತ.

“ಯಜಮಾನ್ರ, ನಿಮ್ಮ ಮಗ್ಗಲ ಮನಿ ಮಾಸ್ತರಗ ಒಂದ್ ಮಾತ ಹೇಳ್ತೀರೇನು? ಮಿಸ್ ಕಾಲಿಗೆ ಎಷ್ಟ ಮಾರ್ಕ್ಸ್ ಅದಾವ್ರಿ?”

ನನಗೆ ಅರ್ಥವಾಗಲಿಲ್ಲ.

“ಅಲ್ರಿ, ಪರೀಕ್ಷಾದಾಗ ಅದನ್ನೂ ಹಿಡೀತಾರಲ್ರಿ, ಅದಕ್ಕ ಕೇಳಿದೆ. ಸ್ವಲ್ಪ ಕಡಿಮಿ ಆದ್ರೂ ಅಡ್ಡಿಯಿಲ್ಲ, ಬೆಳಕ ಹರದ ಮ್ಯಾಲ ಫೋನ ಮಾಡಿದ್ರ ನಡೀತೈತೇನು ಅಂತ. ನಮ್ಮ ಕೇರ್ಯಾಗ ರೇಂಜ್ ಸಿಗೂದಿಲ್ರಿ. ಹಳ್ಳಾ ದಾಟಿ ದಿಬ್ಬ ಹತ್ತಬೇಕು, ಅಲ್ಲಿ ಮತ್ತಿ ಮರದ ಬುಡಕ ಮಾತ್ರ ಸಿಗ್ತೈತಿ. ಈಗ ಅಲ್ಲಿ ಕರಡಿ ಅಡ್ಡಾಡಾಕ್ಹತ್ತೈತ್ರಿ. ನಾ ಡಬ್ಬಿ ಬಡಕೋಂತ ಕೂಡ ಹೋಗ್ತೀನಿ. ಅಂದ್ರೂ ಹೆಣ್ಣ ಹುಡುಗಿ.”

ನಾನು ಗಿರಣಿ ನಿಲ್ಲಿಸಿದೆ. “ಮತ್ತ ಅಕಿ ಓದೂದು ಯಾವಾಗಪಾ?”

ಅವನು ನನ್ನನ್ನು ವಿಚಿತ್ರವಾಗಿ ನೋಡಿದ. “ಹೋಗಿ ಬರೂದ್ರಾಗ ಹೊತ್ತ ಏರಿರ್ತೈತ್ರಿ. ನೀರು ನಿಡಿ ತರೂದು, ಆಮ್ಯಾಲ ಬಸ್ಸು. ಎದ್ರ ಸಾಕು ಅಂತ ಸರ್ ಹೇಳ್ಯಾರಂತಲ್ರಿ?”

ಓದಿನ ವ್ಯವಸ್ಥೆಯ ಬಗ್ಗೆ ನಾನು ಕೇಳಿದ ವಿಮರ್ಶೆಗಳಲ್ಲಿ ಇದಕ್ಕಿಂತ ಕಟುವಾದದ್ದು ಇನ್ನೊಂದಿಲ್ಲ. ಹೇಳಿದವನಿಗೆ ತಾನು ವಿಮರ್ಶೆ ಮಾಡಿದೆನೆಂಬ ಅರಿವಿರಲಿಲ್ಲ. ಕರೆಗೆ ಅಂಕವಿದೆಯೆಂದು ಅವನು ಪ್ರಾಮಾಣಿಕವಾಗಿ ನಂಬಿದ್ದ. ಯಾಕೆ ನಂಬಬಾರದು? ಮಾಸ್ತರರು ದಿನವೂ ಮೊದಲು ಕೇಳುತ್ತಿದ್ದದ್ದು ಅದನ್ನೇ, ಹೊಗಳುತ್ತಿದ್ದದ್ದು ಅದಕ್ಕೇ.

ಸಂಜೆ ಮಾಸ್ತರರಿಗೆ ಹೇಳಿದೆ. ಈ ಸಲ ನಗಲಿಲ್ಲ, ವಾದಿಸಲೂ ಇಲ್ಲ. “ನಾಳೆ ನಿಮ್ಮ ಸ್ಕೂಟರ್ ತೆಗೀತೀರಾ?” ಎಂದು ಮಾತ್ರ ಕೇಳಿದರು.

ಮರುದಿನ ಮೂಡಣ ಬಿಳುಪೇರುವ ಮೊದಲೇ ನಾವಿಬ್ಬರೂ ಆ ಮತ್ತಿ ಮರದ ಕೆಳಗೆ ನಿಂತಿದ್ದೆವು. ಮೊದಲು ಕೇಳಿಸಿದ್ದು ಡಬ್ಬಿಯ ಸದ್ದು. ಹಳ್ಳದ ಕಡೆಯಿಂದ ತಗಡಿನ ಡಬ್ಬಿಯನ್ನು ಯಾರೋ ಕೋಲಿನಿಂದ ಬಡಿಯುತ್ತಿದ್ದರು. ಆಮೇಲೆ ಬ್ಯಾಟರಿಯ ಬೆಳಕು ಪೊದೆಗಳ ನಡುವೆ ಮೇಲೆ ಕೆಳಗೆ ಆಡುತ್ತ ಬಂತು. ಹುಡುಗಿ ಮುಂದೆ, ತಂದೆ ಹಿಂದೆ. ಅವಳು ದಿಬ್ಬದ ತುದಿಗೆ ಬಂದವಳೇ, ನಮ್ಮನ್ನು ಕಾಣದೆ, ಫೋನು ಹಿಡಿದ ಕೈಯನ್ನು ತಲೆಯ ಮೇಲಕ್ಕೆತ್ತಿ ಒಂದು ಸುತ್ತು ತಿರುಗಿದಳು. ಎಲ್ಲಿ ನಿಂತರೆ ಸಿಗುತ್ತದೆಂದು ಅವಳ ಕಾಲಿಗೆ ಗೊತ್ತಿತ್ತು. ಅಲ್ಲಿ ಹುಲ್ಲು ಸವೆದು ನೆಲ ಬತ್ತಲಾಗಿತ್ತು. ಅಲ್ಲಿ ನಿಂತು ಗುಂಡಿ ಒತ್ತಿದಳು.

ಮಾಸ್ತರರ ಅಂಗಿಯ ಕಿಸೆಯಲ್ಲಿ ಫೋನು ಮೊಳಗಿತು.

ಇಷ್ಟು ತಿಂಗಳು ಬೆನ್ನ ಹಿಂದೆ ಕೈ ಕಟ್ಟಿಕೊಂಡಿದ್ದ ಮನುಷ್ಯ ಆ ದಿನ ಅದನ್ನು ತೆಗೆದು ಕಿವಿಗಿಟ್ಟುಕೊಂಡರು. “ಹಲೋ,” ಎಂದರು. ಮಾತು ಫೋನಿನಲ್ಲಿಯೂ ಗಾಳಿಯಲ್ಲಿಯೂ ಒಟ್ಟಿಗೆ ಕೇಳಿಸಿತು. ಹುಡುಗಿ ಬೆಚ್ಚಿದಳು. ತಂದೆ, “ಅಯ್ಯೋ, ಎತ್ತಿಬಿಟ್ರಲ್ಲವಾ, ರೊಕ್ಕ ಹೋತು, ಇಡು ಇಡು!” ಎಂದು ಕೂಗಿದ. ಅವಳು ಬ್ಯಾಟರಿಯನ್ನು ನಮ್ಮತ್ತ ತಿರುಗಿಸಿ, ಮಾಸ್ತರರನ್ನು ಗುರುತಿಸಿ, ಕೈಕಟ್ಟಿ ನಿಂತಳು. ಅವಳ ಬಾಯಿಂದ ಬಂದ ಮೊದಲ ಮಾತು: “ಸರ್, ಇವತ್ತ ತಡಾ ಆಗಿಲ್ಲಲ್ರಿ?”

ಮಾಸ್ತರರು ಕೇಳಿದ್ದು ಒಂದೇ ಪ್ರಶ್ನೆ. “ಮೊದಲೇ ಯಾಕೆ ಹೇಳ್ಲಿಲ್ಲ ತಂಗಿ?”

“ಕ್ಲಾಸಿನ್ಯಾಗ ನೀವು ನನ್ನ ಹೆಸರ ಹೇಳ್ತಿದ್ರಿ ಸರ್,” ಎಂದಳು.

ಹಿಂದಿರುಗುವಾಗ ಸ್ಕೂಟರಿನ ಮೇಲೆ ನನ್ನ ಬೆನ್ನ ಹಿಂದೆ ಅವರು ತಮ್ಮ ಮನೆಮಾತಿನಲ್ಲಿ ತಮಗೇ ಹೇಳಿಕೊಳ್ಳುತ್ತಿದ್ದರು: “ಎಂತ ಮಾಡ್ದಿ ಆನು. ಎಂತ ಮಾಡ್ದಿ.” ನಾನೇನು ಮಾಡಿಬಿಟ್ಟೆ, ಎಂದು. ಪ್ರಶ್ನೆ ನನ್ನನ್ನು ಕೇಳಿದ್ದಾಗಿರಲಿಲ್ಲ.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನೂ ಸಭೆಯಲ್ಲಿ ಹಾರ ಹಾಕಿ ಬರುತ್ತಿದ್ದೆ. ಮಾಸ್ತರರು ಅದೇ ದಿನ ಹಲಗೆಯ ಮೂಲೆಯ ಆ ಮಾತನ್ನು ತಾವೇ ಅಳಿಸಿದರು. ಬೆಳಗಾಗುವವರೆಗೆ ಮಲಗಿ, ಕರೆ ಬೇಡ ಎಂದರು. ಪ್ರಾರ್ಥನೆ ಮುಗಿದ ಕೂಡಲೇ ತಮ್ಮ ತರಗತಿಯಲ್ಲಿ ಎಲ್ಲರೂ ಮನೆಗೆಲಸವನ್ನು ಅಲ್ಲಿಯೇ ಮಾಡಬೇಕೆಂದು ಗೊತ್ತುಮಾಡಿ, ಬೆಂಚುಗಳ ನಡುವೆ ತಾವೂ ಕುಳಿತರು. ಸುಣ್ಣದ ಕಡ್ಡಿ ಮತ್ತೆ ಮಕ್ಕಳ ಕೈಗೆ ಬಂತು. ಆ ಹುಡುಗಿ ನಿದ್ದೆಗೆಡದೆ ಎರಡು ವಾರ ಬಂದದ್ದೇ ಬಂದದ್ದು, ಬೀಜಗಣಿತ ಬಿಡಿಸಿದಳಂತೆ. ಆ ಸಂತೋಷ ಹೇಳಲು ಮಾಸ್ತರರು ಗಿರಣಿಯ ಸದ್ದಿನ ಮೇಲೆ ಕಿರುಚಿದ್ದು ನನಗೆ ನೆನಪಿದೆ.

ಅಷ್ಟರಲ್ಲಿ ಸನ್ಮಾನ ಬಂತು. ನಸುಕಿನ ಕರೆಯ ಸುದ್ದಿ ಪತ್ರಿಕೆಯಲ್ಲಿ ಮೊದಲೇ ಬಂದಿತ್ತು. ಮೇಲಿನವರು ಓದಿ ಮೆಚ್ಚಿದ್ದರು. ಮಾಸ್ತರರು ಹೋಗುವುದಿಲ್ಲ ಎಂದರು. ಹೆಡ್ ಮಾಸ್ತರರು ಬಿಡಲಿಲ್ಲ. “ಹೋಗ್ರಿ,” ಎಂದು ನಾನೇ ಹುರಿದುಂಬಿಸಿದೆ. “ಮೈಕ ಕೈಗೆ ಸಿಗ್ತೈತಿ. ದಿಬ್ಬದ ಮ್ಯಾಲ ಕಂಡದ್ದು ಹೇಳ್ರಿ. ನಾಕ ಮಂದಿ ಕೇಳ್ಲಿ.” ಅವರು ತಲೆಯಾಡಿಸಿದರು. ಹೇಳುತ್ತೇನೆ ಎಂದರು.

ನಾನು ಆ ಸಭಾಭವನದ ಹಿಂದಿನ ಸಾಲಿನಲ್ಲಿದ್ದೆ. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಮಲ್ಲಿಗೆ ಹಾರ ಹಾಕಿದರು. ಇಂಥವರು ಶಾಲೆಗೊಬ್ಬರಿದ್ದರೆ ಎಂದು ದೊಡ್ಡವರೊಬ್ಬರು ಉದ್ಗರಿಸಿದರು. ಮೈಕು ಕೈಗೆ ಬಂತು. ಮಾಸ್ತರರು ಹಿಂದಿನ ಸಾಲಿನಲ್ಲಿ ನನ್ನನ್ನು ಹುಡುಕಿದರು. ಕಣ್ಣು ಕಣ್ಣು ಸೇರಿತು. “ಎಲ್ಲರ ಸಹಕಾರದಿಂದ…” ಎಂದು ಆರಂಭಿಸಿ, “ನಮಸ್ಕಾರ” ಎಂದು ಮುಗಿಸಿದರು.

ಬಸ್ಸಿನಲ್ಲಿ ಹಣ್ಣಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದವರನ್ನು ನಾನು ಬಿಡಲಿಲ್ಲ. “ಯಾಕ ಹೇಳ್ಲಿಲ್ರಿ?”

“ಶಾಲು ಹೊದಿಸಿದ ಮೇಲೆ ಬಾಯಿ ಏಳೂದಿಲ್ಲ ಮಾರಾಯ್ರೆ,” ಎಂದರು. ಬುಟ್ಟಿಯನ್ನು ಕಾಲ ಬಳಿ ಇಳಿಸಿ, “ಮೊನ್ನೆ ಎಬ್ಬಿಸಿ ನಿಲ್ಲಿಸಿದ ಜನವೇ ಅಲ್ವ ಇವತ್ತು ಕುರ್ಚಿ ಕೊಟ್ಟದ್ದು,” ಎಂದರು. ಇದನ್ನು ಅವರು ಸಮರ್ಥನೆಯಾಗಿ ಹೇಳಲಿಲ್ಲ. ತಮ್ಮ ಬಗ್ಗೆ ತಾವೇ ಪತ್ತೆಹಚ್ಚಿದ ಒಂದು ಅಸಹ್ಯವನ್ನು ತೋರಿಸುವವರಂತೆ ಹೇಳಿದರು.

ಆ ಮೌನದ ಬೆಲೆಯನ್ನು ಅವರು ತೆರಲಿಲ್ಲ. ವಾರದೊಳಗೆ ಸುತ್ತೋಲೆ ಬಂತು: ಈ ಮಾದರಿ ಪದ್ಧತಿಯನ್ನು ಎಲ್ಲ ಶಾಲೆಗಳೂ ಅನುಸರಿಸತಕ್ಕದ್ದು. ಪದ್ಧತಿ ಹುಟ್ಟಿದ ಶಾಲೆಯಲ್ಲಿಯೇ ಅದು ನಿಂತಿದೆ ಎಂದರೆ ಹೇಗೆ? ಹೆಡ್ ಮಾಸ್ತರರು ಕರೆಗಳನ್ನು ತಮ್ಮ ಫೋನಿಗೆ ತಿರುಗಿಸಿಕೊಂಡರು. ಮಾಸ್ತರರು ಹುಡುಗಿಯನ್ನು ಪಕ್ಕಕ್ಕೆ ಕರೆದು, ನೀನು ಹತ್ತಬೇಡ, ನಾನು ನೋಡಿಕೊಳ್ಳುತ್ತೇನೆ ಎಂದರು. ಅವಳ ತಂದೆ ಒಪ್ಪಲಿಲ್ಲ. ನನ್ನ ಮುಂದೆಯೇ ಹೇಳಿದ: “ಸರ್ಕಾರದ ಆರ್ಡರ ಬಂದೈತಂತ್ರಿ. ಮಾರ್ಕ್ಸ್ ಅದಾವು ಅಂತ ನಾ ಅಂದಿಲ್ಲೇನು? ಸರ್ ಮನಸ್ಸು ಮೆತ್ತಗ, ಬ್ಯಾಡ ಅಂತಾರ. ಆಮ್ಯಾಲ ಲುಕ್ಸಾನ ನಮಗ.” ಶಾಲು ಹೊದ್ದವರ ಮಾತಿಗಿಂತ ಶಾಲು ಹೊದಿಸಿದವರ ಮಾತು ದೊಡ್ಡದೆಂದು ಅವನಿಗೆ ಯಾರೂ ಕಲಿಸಿಕೊಡಬೇಕಿರಲಿಲ್ಲ. ಪರೀಕ್ಷೆಯ ದಿನದವರೆಗೂ ಡಬ್ಬಿ ದಿಬ್ಬ ಹತ್ತಿತು.

ಅವಳು ಗಣಿತದಲ್ಲಿ ನಪಾಸಾದಳು. ತಾಯಿ ಗುಂಡಿ ಒತ್ತಿದ ಮಗ ಪಾಸಾದ. ಶಾಲೆಯ ಫಲಿತಾಂಶ ಸ್ವಲ್ಪ ಏರಿತು. ಏರಿದ್ದು ಮಿಸ್ಡ್ ಕಾಲಿನಿಂದ ಎಂದು ಬರೆದರು. ಬೆಳಗಿನ ಪ್ರಾರ್ಥನೆಯ ನಂತರ ಬೆಂಚುಗಳ ನಡುವೆ ನಡೆದ ಓದನ್ನು ಯಾರೂ ಬರೆಯಲಿಲ್ಲ. ಅದಕ್ಕೆ ಸಾಕ್ಷಿ ಒದಗಿಸುವ ಸದ್ದಿರಲಿಲ್ಲ.

ಪೂರಕ ಪರೀಕ್ಷೆಗೆ ಕೂರಿಸಬೇಕೆಂದು ಮಾಸ್ತರರು ಆ ಕೇರಿಗೆ ನಡೆದು ಹೋದರು. ಬಂದ ಮೇಲೆ ಗಿರಣಿಯ ಕಟ್ಟೆಯಲ್ಲಿ ಕುಳಿತು ಅಲ್ಲಿ ನಡೆದುದನ್ನು ಹೇಳಿದರು. ತಪ್ಪು ನನ್ನದು ಎಂದು ಇವರು ಬಾಯಿ ತೆರೆದರೆ, ಆ ಮನೆಯವರು ಇವರನ್ನೇ ಸಮಾಧಾನಪಡಿಸಿದರಂತೆ. ಮಜ್ಜಿಗೆ ಕೊಟ್ಟರಂತೆ. “ನೀವ್ಯಾಕ ಬ್ಯಾಸರಾ ಮಾಡ್ಕೋತೀರ್ರಿ ಸರ್? ಏಳೂದ್ರಾಗ ನಾವೇನೂ ಕಡಿಮಿ ಮಾಡ್ಲಿಲ್ಲ. ತಲಿ ಇಲ್ಲದ್ದಕ್ಕ ಯಾರೇನ ಮಾಡಾಕಾಗ್ತೈತಿ,” ಎಂದನಂತೆ ತಂದೆ. ಹುಡುಗಿ ಬಾಗಿಲ ಮರೆಯಿಂದ, “ಬ್ಯಾಡ್ರಿ ಸರ್, ನನಗ ಗಣಿತ ಹತ್ತೂದಿಲ್ಲ,” ಎಂದಳಂತೆ.

“ಹತ್ತೂದಿಲ್ಲ ಅಂತಾಳೆ ಸಾವ್ಕಾರ್ರೆ,” ಎಂದರು ಮಾಸ್ತರರು. “ನಾನು ಬೆಂಚಿನ ಮೇಲೆ ಕೂತು ಅವಳ ಹತ್ರ ಪಾಠ ಹೇಳಿಸಿಕೊಂಡವ.”

ಇದು ನನ್ನ ಲೆಕ್ಕದಲ್ಲಿ ಅವರು ಮಾಡಿದ ನಿಜವಾದ ಅನ್ಯಾಯ. ಏಳದೆ ನಪಾಸಾದವನಿಗೆ ಒಂದು ದಾರಿ ಉಳಿಯುತ್ತದೆ: ಸೋಮಾರಿಯಾಗಿದ್ದೆ, ಮುಂದೆ ಓದುತ್ತೇನೆ. ಎದ್ದರೆ ಸಾಕೆಂದು ಗುರುಗಳೇ ಹೇಳಿದ ಮೇಲೆ, ಎಲ್ಲರಿಗಿಂತ ಮೊದಲು ಎದ್ದವಳು ನಪಾಸಾದರೆ ಉಳಿಯುವ ಕಾರಣ ಯಾವುದು? ತಲೆಯಿಲ್ಲ ಎಂಬುದೊಂದೇ. ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದವಳಿಗೇ ಅದು ಶಿಕ್ಷೆಯಾಯಿತು.

ಆಮೇಲೆ ಅವರು ನಿವೃತ್ತರಾಗುವವರೆಗೆ ನಮ್ಮ ವಾದ ಹಳೆಯ ಹುರುಪಿನಲ್ಲಿ ನಡೆಯಲಿಲ್ಲ. ನಸುಕಿನಲ್ಲಿ ಗೋಡೆಯಾಚೆ ಸದ್ದಿರಲಿಲ್ಲ. ತೀರಿಕೊಂಡ ಸುದ್ದಿ ತಿಳಿದು ಅವರ ಹೆಂಡತಿಗೆ ಫೋನು ಮಾಡಿದಾಗ ಅವರ ನಸುಕಿನ ಫೋನಿನ ಬಗ್ಗೆಯೇ ಕೇಳಿದೆ. ಆ ತಾಯಿ ಹೇಳಿದರು: “ಮಲಗುವಾಗ ಅದನ್ನು ಬಂದ್ ಮಾಡಿ ಅಕ್ಕಿ ಡಬ್ಬಿ ಒಳಗೆ ಹಾಕಿಡ್ತಿದ್ರು. ಸೂರ್ಯ ಕಾಣೂ ತನಕ ತೆಗೀಲಿಕ್ಕೆ ಬಿಡ್ತಿರ್ಲಿಲ್ಲ. ನಂಗೆ ಪ್ರತೀ ದಿನ ಅನ್ನಕ್ಕೆ ಅಕ್ಕಿ ತೆಗೆವಾಗ ಫೋನು ಸಿಗ್ತಿತ್ತು.” ದಿಂಬಿನ ಪಕ್ಕದ ಫೋನಿನ ಕಥೆಗೆ ಇಷ್ಟೇ ಆಧಾರ.

ಶ್ರದ್ಧಾಂಜಲಿ ಸಭೆಯಲ್ಲಿ ನನ್ನನ್ನೂ ಮಾತನಾಡಲು ಕರೆದರು. ನೆರೆಮನೆಯ ಹಿರಿಯರು ಎಂಬ ಲೆಕ್ಕದಲ್ಲಿ. ನಾನು ದಿಬ್ಬದ ಸಂಗತಿಯನ್ನು ಹೇಳತೊಡಗಿದೆ. ಮತ್ತಿ ಮರದವರೆಗೆ ಹೇಳಿದ್ದೆ. ಈಗಿನ ಮುಖ್ಯಾಧ್ಯಾಪಕರು, ವಿನಯವಂತ ತರುಣ, ಮೆಲ್ಲಗೆ ನನ್ನ ಹೆಗಲ ಮೇಲೆ ಕೈಯಿಟ್ಟು ಮೈಕು ತೆಗೆದುಕೊಂಡರು. “ಹಿರಿಯರು ಒಡನಾಟ ನೆನೆದು ಭಾವುಕರಾಗಿದ್ದಾರ. ಕಾಡಿನ ದಿಬ್ಬ ಹತ್ತಿಯಾದ್ರೂ ಗುರುಗಳಿಗೆ ಕರೆ ಮಾಡೂ ಅಂಥಾ ಶಿಷ್ಯರನ್ನ ಅವರು ತಯಾರು ಮಾಡಿದ್ರು ಅಂತ ಇದರಿಂದ ತಿಳೀತದ,” ಎಂದರು. ಚಪ್ಪಾಳೆಯಾಯಿತು. ನಾನು ಎತ್ತಿದ ಕಲ್ಲನ್ನೇ ಅವರು ಗುಡಿಗೆ ಜೋಡಿಸಿಬಿಟ್ಟಿದ್ದರು. ಬಳಿಕ ಘೋಷಣೆ: ಇನ್ನು ಮುಂದೆ ಹತ್ತನೆಯ ತರಗತಿಯ ಪ್ರತಿ ವಿದ್ಯಾರ್ಥಿ ನಸುಕಿನಲ್ಲಿ ಎದ್ದು, ತೆರೆದ ಪುಸ್ತಕದೊಂದಿಗೆ ತನ್ನ ಫೋಟೋ ತೆಗೆದು ಶಾಲೆಯ ವಾಟ್ಸ್ಆ್ಯಪ್ ಗುಂಪಿಗೆ ಕಳಿಸಬೇಕು. ಯೋಜನೆಗೆ ದಿವಂಗತರ ಹೆಸರು. ಗುಂಪಿನ ಚಿತ್ರ ಅವರದೇ, ಶಾಲು ಹೊದ್ದದ್ದು.

ಆ ಹುಡುಗಿ ಈಗ ಹೆದ್ದಾರಿಯ ಢಾಬಾ ಒಂದರಲ್ಲಿ ಅಡುಗೆಗಿದ್ದಾಳೆ. ರೊಟ್ಟಿಯ ಹಿಟ್ಟು ಬೀಸಿಸಲು ನನ್ನಲ್ಲಿಗೇ ಬರುತ್ತಾಳೆ. ಸಭೆಯ ಮರುದಿನ ಬಂದಾಗ, ಅಲ್ಲಿ ಅರ್ಧಕ್ಕೆ ನಿಂತ ಮಾತನ್ನು ಅವಳಿಗಾದರೂ ಪೂರ್ತಿ ಹೇಳಬೇಕೆಂದುಕೊಂಡೆ. ತಪ್ಪು ನಿನ್ನದಲ್ಲ ಎಂದೆ. ನಿನಗೆ ತಲೆ ಇತ್ತು, ನಾನೇ ಬಾಗಿಲಲ್ಲಿ ನಿಂತು ನೋಡಿದ್ದೇನೆ. ಓದುವ ಹೊತ್ತನ್ನೆಲ್ಲ ಆ ದಿಬ್ಬ ತಿಂದಿತು. ಆ ಕರೆಗೆ ಮೂರು ಕಾಸಿನ ಬೆಲೆಯಿರಲಿಲ್ಲ ಎಂದೆ.

ಅವಳು ಚೀಲದ ಬಾಯಿ ಬಿಚ್ಚುತ್ತಿದ್ದ ಕೈಯನ್ನು ನಿಲ್ಲಿಸಿದಳು. ಮುಖ ಗಂಟಿಕ್ಕಿತು.

“ಸತ್ತಾರ ಮ್ಯಾಲ ಹಂಗ ಅನಬಾರದ್ರಿ ಅಜ್ಜಾರ. ಸರ್ ದೇವರಂಥಾರು. ನನಗ ತಲಿ ಇರಲಿಲ್ಲ, ಅದಕ್ಕ ಅವರೇನ ಮಾಡ್ತಾರ?” ಎಂದಳು. ಆಮೇಲೆ, ನಾನು ತನ್ನಿಂದ ಏನನ್ನೋ ಕಿತ್ತುಕೊಳ್ಳಲು ಬಂದವನೆಂಬಂತೆ ಚೀಲವನ್ನು ಹತ್ತಿರಕ್ಕೆಳೆದುಕೊಂಡಳು. “ಇಡೀ ಶಾಲ್ಯಾಗ ದಿನಾ ನಂದ ಮೊದಲ ಇರ್ತಿತ್ತು. ನಿಮಗ ಗೊತ್ತೇನ್ರಿ?”

ಗೊತ್ತಿತ್ತು. ಗೋಡೆಯೀಚೆಯಿಂದ ದಿನವೂ ಕೇಳಿದವನು ನಾನು. ಜೋಳವನ್ನು ಗಿರಣಿಯ ಬಾಯಿಗೆ ಸುರಿದು ಸ್ವಿಚ್ ಒತ್ತಿದೆ.